ಏಡನ್ನಿನಿಂದ ತಂದು ಮುಟ್ಟಿಸದ ಮಾತು

ಸೋಲಾಪುರ
೧೧-೬-೧೯೫೯, ಗುರುವಾರ

ಕಸ್ತೂರಿ,

ರೂಢಿಯಂತೆ ಹೆಸರಿನ ಮುಂದೆ ‘ಚಿ. ಸೌ.’ ಎಂದು ಬರೆಯಲು ಹೋದೆ, ಕೈ ತಡೆಯಿತು. ಬರೆದರೆ ನಿನ್ನನ್ನು ಹಂಗಿಸಿದಂತಾಗುತ್ತದೆ. ಬಿಟ್ಟರೆ ನಾನೇ ನಿನ್ನ ಹಣೆಯ ಕುಂಕುಮ ಒರೆಸಿದಂತಾಗುತ್ತದೆ. ಅದಕ್ಕೇ ಬರೀ ಹೆಸರು ಬರೆದಿದ್ದೇನೆ. ಹದಿಮೂರು ವರ್ಷ ಒಂದೇ ಒಲೆಯ ಮುಂದೆ ಕೂತು ರೊಟ್ಟಿ ಬಡಿದ ನೆಗೆಣ್ಣಿಯರು ನಾವು. ಇಷ್ಟು ಸಲಿಗೆ ಇನ್ನೂ ಉಳಿದಿದೆ ಎಂದುಕೊಂಡು ಬರೆಯುತ್ತೇನೆ. ಪತ್ರ ಓದಿ ಮುಗಿಸಿದ ಮೇಲೆ ಉಳಿಯುತ್ತದೋ ಇಲ್ಲವೋ ಗೊತ್ತಿಲ್ಲ.

ಹೋಳಿಹುಣ್ಣಿಮೆಯ ಹಿಂದಿನ ವಾರ ಏಡನ್ನಿನ ವ್ಯಾಪಾರಿಯೊಬ್ಬ ನಮ್ಮ ಮನೆಗೆ ಊಟಕ್ಕೆ ಬಂದಿದ್ದು ನೀನು ಮರೆತಿರಲಾರಿ. ನಮ್ಮವರ ಜೊತೆ ಚಾದರಿನ ವ್ಯಾಪಾರದ ಮಾತಾಡುತ್ತಾ, ‘ನಿಮ್ಮ ತಮ್ಮ ನಾಗಣ್ಣನ ಎರಡನೇ ಮಗುವಿನ ಹೆಸರಿಡುವ ಕಾರ್ಯಕ್ಕೆ ಹೋಗಿದ್ದೆ’ ಎಂದು, ನೀನೇ ನಾಗಣ್ಣನ ಹೆಂಡತಿಯೆಂದು ತಿಳಿಯದೆ, ಅವನು ಸಹಜವಾಗಿ ಹೇಳಿಬಿಟ್ಟ. ನೀನು ತುಪ್ಪದ ಗಿಂಡಿ ಹಿಡಿದು ಬಾಗಿಲಲ್ಲಿ ನಿಂತಿದ್ದಿ. ಅಳಲಿಲ್ಲ. ಒಳಗೆ ಬಂದು ಎಲ್ಲರಿಗೂ ತುಪ್ಪ ಬಡಿಸಿದಿ. ಅವರು ಕೈತೊಳೆದ ಮೇಲೆ ನೆಲ ಒರೆಸಿದಿ. ಆಮೇಲೆ ನಿನ್ನ ಟ್ರಂಕು ತುಂಬಿ, ಟಾಂಗಾ ತರಿಸು ಎಂದು ಆಳಿಗೆ ಹೇಳಿದಿ. ಹತ್ತುವ ಮುಂಚೆ ನನ್ನ ಎರಡೂ ಕೈ ಹಿಡಿದು, ‘ಅಕ್ಕಾ, ನಿಮಗ ಗೊತ್ತಿತ್ತೇನ್ರಿ?’ ಎಂದು ಕೇಳಿದಿ. ನಾನು ಇಲ್ಲ ಎಂದು ತಲೆಯಾಡಿಸಿದೆ. ನೀನು ನಂಬಿದಿ. ನನ್ನ ಹೆಗಲ ಮೇಲೆ ತಲೆಯಿಟ್ಟು ಆ ದಿನ ಮೊದಲ ಸಲ ಕಣ್ಣೀರು ಹಾಕಿದಿ.

ನನಗೆ ಗೊತ್ತಿತ್ತು ಕಸ್ತೂರಿ. ಎರಡು ವರ್ಷದಿಂದ ಗೊತ್ತಿತ್ತು. ನಾಗಣ್ಣನ ಬಾಯಿಂದಲೇ ಕೇಳಿದ್ದೆ. ನಿನಗೆ ಮುಟ್ಟಿಸಿರಿ ಎಂದು ಅವನು ಹೇಳಿ ಕಳಿಸಿದ ಮಾತನ್ನು ವಿಮಾನದಲ್ಲಿ ಹೊತ್ತು ತಂದು, ನಮ್ಮ ಮನೆಯ ಹೊಸ್ತಿಲಲ್ಲಿ ನಾನೇ ನುಂಗಿಬಿಟ್ಟೆ.

ಮೊದಲಿನಿಂದ ಹೇಳುತ್ತೇನೆ. ಐವತ್ತಾರರ ಡಿಸೆಂಬರದಲ್ಲಿ ನಮ್ಮ ಮಗಳು ದ್ರೌಪದಿಯ ಬಾಣಂತನಕ್ಕೆಂದು ನಾನು ನೈರೋಬಿಗೆ ಹೊರಟಾಗ ಇಡೀ ಓಣಿಯೇ ಬಂದು ನನ್ನನ್ನು ನೋಡಿ ಹೋಯಿತು. ಪಂಢರಪುರ ದಾಟಿ ಆಚೆ ಹೋಗದ ಹೆಂಗಸು ಒಬ್ಬಳೇ ವಿಮಾನ ಹತ್ತುತ್ತಾಳಂತೆ ಎಂದು ಎಲ್ಲರಿಗೂ ಬೆರಗು. ಹಡಗಿನಲ್ಲಿ ಹೋದರೆ ಹೆರಿಗೆಯ ದಿನ ದಾಟುತ್ತದೆಂದು ಅಳಿಯ ಟೂರಿಸ್ಟ್ ಕ್ಲಾಸಿನ ಟಿಕೀಟು ಕಳಿಸಿದ್ದ. ನೀನು ನನ್ನ ಸೀರೆಗಳನ್ನು ಮಡಿಚಿ ಚೀಲಕ್ಕೆ ಹಾಕುತ್ತಿದ್ದಿ. ಕಡಕ್ ರೊಟ್ಟಿ, ಶೇಂಗಾ ಚಟ್ನಿ, ಅಳವಿ ಉಂಡಿ ಕಟ್ಟಿಕೊಟ್ಟಿ. ಬರುವಾಗ ವಿಮಾನ ಏಡನ್ನಿನಲ್ಲಿ ಆರು ತಾಸು ನಿಲ್ಲುತ್ತದೆಂದು ಯಾರೋ ಹೇಳಿದ್ದು ನಿನ್ನ ಕಿವಿಗೆ ಬಿದ್ದಿತ್ತು. ಚೀಲದ ಬಾಯಿ ಕಟ್ಟುತ್ತಾ, ನನ್ನ ಮುಖ ನೋಡದೆ ಹೇಳಿದಿ: ‘ಅವರನ್ನ ಭೆಟ್ಟಿಯಾಗಿ ಬರ್ರಿ ಅಕ್ಕಾ. ಬರತೀನಿ ಅಂದರ ಯಾವಾಗಂತ ಕೇಳ್ರಿ. ಬರೂದಿಲ್ಲ ಅಂದರ ಅದನ್ನೂ ಕೇಳಿಕೊಂಡು ಬರ್ರಿ. ನಾ ತಡಕೋತೀನಿ.’

ಇಷ್ಟೇ ನೀನು ಕೇಳಿದ್ದು. ನಾಗಣ್ಣ ಮನೆ ಬಿಟ್ಟು ಆಗ ಐದು ವರ್ಷವಾಗಿತ್ತು. ಅವನ ತಪ್ಪಿನಿಂದ ಚಾದರಿನ ಗಂಟೊಂದು ಬೇರೆ ಊರಿಗೆ ಹೋಯಿತೆಂದು ನಮ್ಮವರು ಪೇಢಿಯಲ್ಲಿ, ತುಂಬಿದ ಅಂಗಡಿಯಲ್ಲಿ, ಗುಮಾಸ್ತರ ಎದುರಿಗೆ ಅವನ ಕೆನ್ನೆಗೆ ಹೊಡೆದಿದ್ದರು. ಎಂಟು ದಿನದಲ್ಲಿ ಅವನು ಮುಂಬೈ ಸೇಟೊಬ್ಬನ ಕೈಕೆಳಗೆ ಏಡನ್ನಿಗೆ ನಡೆದುಬಿಟ್ಟ. ಮೊದಮೊದಲು ಮನೆಗೆ ಕ್ಷೇಮದ ಕಾಗದಗಳು ಬರುತ್ತಿದ್ದವು, ಆಮೇಲೆ ಅವೂ ನಿಂತವು. ನೀನು ಏಳನೇ ತರಗತಿಯ ಮುಲ್ಕಿ ಪರೀಕ್ಷೆ ಪಾಸಾದವಳು. ಕನ್ನಡ ಸಾಲಿಯಲ್ಲಿ ಪಾಠ ಹೇಳುವ ಅಕ್ಕೋರಾಗುವ ಟ್ರೇನಿಂಗಿಗೆ ಅರ್ಜಿ ತುಂಬು ಎಂದು ನಿನ್ನ ಅಣ್ಣ ತವರೂರು ಅಕ್ಕಲಕೋಟೆಯಿಂದ ಕಾಗದ ತಂದು ಕೊಟ್ಟಿದ್ದ. ಎರಡು ವರ್ಷ ಹಾಸ್ಟೆಲಿನಲ್ಲಿರಬೇಕು, ವಯಸ್ಸಿನ ಮಿತಿಗೆ ಅದೇ ಕೊನೆಯ ವರ್ಷ. ಅಕ್ಕ ಬರಲಿ, ಅವರ ಮಾತು ಕೇಳಿ ತುಂಬುತ್ತೇನೆ ಎಂದು ನೀನು ಆ ಅರ್ಜಿಯನ್ನು ಎತ್ತಿಟ್ಟಿದ್ದಿ. ಅದೂ ನನಗೆ ಗೊತ್ತಿತ್ತು.

ದ್ರೌಪದಿಗೆ ಗಂಡುಮಗು ಹುಟ್ಟಿತು. ಮೂರು ತಿಂಗಳು ಎರೆದು, ಕಾಸಿ, ಲೋಬಾನ ಹಾಕಿ, ಏಪ್ರಿಲಿನಲ್ಲಿ ನಾನು ವಾಪಸು ಹೊರಟೆ. ನಾನು ಬರುವ ದಿನವನ್ನು ಅಳಿಯ ಮುಂಚಿತವಾಗಿ ನಾಗಣ್ಣನಿಗೆ ಕಾಗದ ಹಾಕಿ ತಿಳಿಸಿದ್ದ. ವಿಮಾನದ ಸುದ್ದಿಯನ್ನು ನಾನು ಬಂದ ಮೇಲೆ ಓಣಿಯವರಿಗೆಲ್ಲ ನಗುನಗುತ್ತಾ ಹೇಳಿದ್ದೇನೆ. ಮುಂದುಗಡೆ ಪರದೆ ಕಟ್ಟಿ ದೊಡ್ಡವರಿಗೆ ಬೇರೆ ಜಾಗ, ಹಿಂದೆ ನಮ್ಮಂಥವರನ್ನು ಮೂವರಿಗೊಂದು ಸಾಲಿನಂತೆ ಒತ್ತಿ ಕೂರಿಸುತ್ತಾರೆ, ಮೊಣಕಾಲು ಮುಂದಿನವರ ಬೆನ್ನಿಗೆ ತಾಗುತ್ತದೆ, ಮೇಲೇರುವಾಗ ಕಿವಿಗೆ ಅರಳೆ ಇಟ್ಟು ಪೆಪ್ಪರಮಿಂಟು ಚೀಪಬೇಕು, ರೆಕ್ಕೆಯ ಪಂಖಗಳ ಸದ್ದಿಗೆ ಪಕ್ಕದವರ ಮಾತು ಕೇಳಿಸುವುದಿಲ್ಲ ಎಂದೆಲ್ಲ. ತಟ್ಟೆಯಲ್ಲಿ ಏನು ಹಾಕಿದ್ದಾರೋ ಎಂದು ಹೆದರಿ ನಾನು ಬರೀ ಬಾಳೆಹಣ್ಣು ತಿಂದದ್ದನ್ನು ಕೇಳಿ ನೀನೂ ನಕ್ಕಿದ್ದಿ. ನಡುವಿನ ಆ ಆರು ತಾಸಿನ ಮಾತು ಬಂದಾಗ ಮಾತ್ರ ನಾನು ಬೇಗ ಬೇಗ ದಾಟಿಬಿಡುತ್ತಿದ್ದೆ.

ಏಡನ್ನಿನಲ್ಲಿ ಇಳಿದಾಗ ಬೆಳಗಿನ ಒಂಬತ್ತೂವರೆ. ಮುಂಬೈಗೆ ಹೋಗುವವರು ಅಲ್ಲಿ ಬೇರೆ ವಿಮಾನ ಹತ್ತಬೇಕು. ಅಲ್ಲಿಯವರೆಗೆ ತಗಡಿನ ಮಾಡಿನ ಒಂದು ಉದ್ದ ಕೋಣೆಯಲ್ಲಿ ಕೂರಬೇಕು, ಹೊರಗೆ ಬಿಡುವುದಿಲ್ಲ. ಕಿಟಕಿಯಲ್ಲಿ ನೋಡಿದರೆ ಒಂದು ಹಸಿರು ಎಲೆಯೂ ಇಲ್ಲದ ಕರೀ ಗುಡ್ಡಗಳು. ಕೆಂಡದ ಮೇಲಿಂದ ಬಂದಂಥ ಗಾಳಿ. ನನ್ನ ಜೊತೆ ಕೂತಿದ್ದ ಗುಜರಾತಿ ಮುದುಕಿ ಬೆಂಚಿನ ಮೇಲೆ ಕಾಲು ಚಾಚಿ ಮಲಗಿಬಿಟ್ಟಳು. ನಾನು ಬಾಗಿಲ ಕಡೆಗೇ ನೋಡುತ್ತಿದ್ದೆ.

ಹನ್ನೊಂದರ ಸುಮಾರಿಗೆ ನಾಗಣ್ಣ ಬಂದ. ಅಲ್ಲಿಯ ಕಾರಕೂನನ ಪರಿಚಯ ಹಿಡಿದು ಒಳಗೆ ಬಿಡಿಸಿಕೊಂಡಿದ್ದ. ಪ್ಯಾಂಟು ಹಾಕಿದ್ದ. ತಲೆಯ ಮುಂದಿನ ಕೂದಲು ಉದುರಿದ್ದವು. ನನ್ನ ಕಾಲು ಮುಟ್ಟಿ ನಮಸ್ಕಾರ ಮಾಡಿ, ಅವ್ವ ಹೇಗಿದ್ದಾಳೆಂದು ಕೇಳಿದ. ಲಕ್ವಾ ಹೊಡೆದು ಬಲಗಡೆಯ ಕೈಕಾಲು ಬಿದ್ದಿವೆ, ನಿನ್ನ ಹೆಂಡತಿಯೇ ಊಟ ಮಾಡಿಸುತ್ತಾಳೆ, ಅವಳೇ ಮೈ ತೊಳೆಯುತ್ತಾಳೆ ಎಂದೆ. ಊರಿಗೆ ಯಾವಾಗ ಬರುತ್ತಿ ಎಂದು ಕೇಳಿದೆ. ಎರಡು ಗ್ಲಾಸು ಚಹಾ ತರಿಸಿದ. ಅವನ ಚಹಾ ಆರಿ ಹೋಯಿತು.

ಆಮೇಲೆ ಹೇಳಿದ. ಅವನ ಮಾತನ್ನು ಅವನು ಆಡಿದ ಹಾಗೆಯೇ ಬರೆಯುತ್ತೇನೆ, ಅದು ನಿನ್ನದು. ‘ವೈನೀ, ನಾ ಆಕಿನ್ನ ಬಿಟ್ಟು ಬಂದಿದ್ದಿಲ್ಲ. ಆ ಮನಿ ಬಿಟ್ಟು ಬಂದಿದ್ದೆ. ಆಕಿನ್ನ ಇಲ್ಲಿಗೆ ಕಳಸ್ರಿ ಅಂತ ಅಣ್ಣಗ ಮೂರು ಸಲ ಬರದೆ. ಅವ್ವಗ ಆರಾಮಿಲ್ಲ, ಆಕೀಗೂ ಬರೂ ಮನಸಿಲ್ಲ ಅಂತ ಬರದಾ. ಆಕೀಗೂ ಒಂದು ಪತ್ರ ಹಾಕಿದೆ, ಅದಕ್ಕ ಉತ್ತರಾನೇ ಬರಲಿಲ್ಲ.’

ಕಸ್ತೂರಿ, ಆ ಪತ್ರ ಮನೆಗೆ ಬಂದಿತ್ತು. ಐವತ್ತಮೂರರ ಶ್ರಾವಣದಲ್ಲಿ. ನೀನು ಸಿದ್ಧರಾಮೇಶ್ವರನ ಗುಡಿಗೆ ಹೋಗಿದ್ದಿ. ಅಂಚೆಯವನು ನನ್ನ ಕೈಗೆ ಕೊಟ್ಟ. ಮೇಲೆ ನಿನ್ನ ಹೆಸರೇ ಇತ್ತು. ಮನೆಗೆ ಬಂದ ಕಾಗದವೆಲ್ಲ ಮೊದಲು ಯಜಮಾನರ ಕೈಗೆ ಹೋಗಬೇಕೆಂಬ ರಿವಾಜಿನ ಹಾಗೆ ನಮ್ಮವರಿಗೆ ಕೊಟ್ಟೆ. ಅವರು ಅಂಗಿಯ ಕಿಸೆಗೆ ಹಾಕಿಕೊಂಡರು. ನಿನಗೆ ಕೊಟ್ಟರೋ ಇಲ್ಲವೋ ನಾನು ಕೇಳಲಿಲ್ಲ. ಕೊಡಲಿಲ್ಲವೆಂದು ನಿನ್ನ ಮುಖ ನೋಡಿದರೆ ತಿಳಿಯುತ್ತಿತ್ತು. ಆದರೂ ಕೇಳಲಿಲ್ಲ.

ನಾಗಣ್ಣನಿಗೆ ಇದನ್ನು ನಾನು ಹೇಳಲಿಲ್ಲ. ಈಗಲಾದರೂ ಅವಳನ್ನು ಕರೆಸಿಕೋ ಎಂದೆ. ಆಗ ಅವನು ಉಳಿದದ್ದನ್ನು ಹೇಳಿದ. ಅವನು ಊಟ ಮಾಡುತ್ತಿದ್ದ ಖಾನಾವಳಿಯನ್ನು ಲಕ್ಷ್ಮೀಬಾಯಿ ಎಂಬ ರತ್ನಾಗಿರಿ ಕಡೆಯ ವಿಧವೆ ನಡೆಸುತ್ತಾಳಂತೆ. ಜ್ವರ ಬಂದು ತಿಂಗಳುಗಟ್ಟಲೆ ಮಲಗಿದಾಗ ಅವಳೇ ನೋಡಿಕೊಂಡಳಂತೆ. ಈಗ ಅವಳ ಜೊತೆಗೇ ಇದ್ದಾನೆ, ಎಂಟು ತಿಂಗಳ ಮಗಳಿದ್ದಾಳೆ. ಹೇಳುವಾಗ ಅವನ ಮಾತು ಅತ್ತಿತ್ತ ಹೊರಳಲಿಲ್ಲ. ‘ಆಕೀಗಿ ಖರೇ ಹೇಳ್ರಿ ವೈನೀ. ನಾ ಇನ್ನ ಬರೂದಿಲ್ಲ, ಕಾಯಬ್ಯಾಡ ಅನ್ರಿ. ತಪ್ಪು ಆಕೀದಲ್ಲ ಅನ್ರಿ. ಆಕಿ ಸಾಲಿ ಕಲಿತಾಕಿ, ಆ ಮನ್ಯಾಗ ಯಾಕ ಕೊಳೀಬೇಕು? ಆಕಿನ್ನ ಬಿಟ್ಟೀನಂತ ಸೋಡಚೀಟಿ ಬರದು ಕೊಡ್ತೀನಿ, ಈಗೇ ಬರೀತೀನಿ.’

ಅವನು ಕಿಸೆಯಿಂದ ಪೆನ್ನು ತೆಗೆದು ಕಾರಕೂನನ ಹತ್ತಿರ ಒಂದು ಕಾಗದ ಕೇಳಿ ತಂದ. ತೊಡೆಯ ಮೇಲಿಟ್ಟುಕೊಂಡು ನಿನ್ನ ಹೆಸರು ಬರೆದೂ ಬರೆದ. ನಾನು ಅವನ ಕೈ ಹಿಡಿದೆ. ‘ಬರೀಬ್ಯಾಡ ನಾಗಣ್ಣಾ. ಕಾಗದ ನೋಡಿದರ ಆಕಿ ಎದಿ ಒಡಕೋತಾಳ. ನಾ ಬಾಯಿಲೆ ಹೇಳ್ತೀನಿ’ ಎಂದೆ. ಹೇಳ್ತೀರಲ್ಲಾ ಎಂದು ಅವನು ಎರಡು ಸಲ ಕೇಳಿದ. ಎರಡು ಸಲವೂ ಹೂಂ ಅಂದೆ. ಆಗ ನನ್ನ ಮನಸ್ಸಿನಲ್ಲಿ ಕಪಟವಿರಲಿಲ್ಲ, ಇದನ್ನು ನೀನು ನಂಬಬೇಕು. ನಿನಗೆ ಹೇಳಬೇಕೆಂದೇ ಇತ್ತು. ನಾನು ಅವನಿಗೆ ಬರೆಯಲು ಬಿಟ್ಟಿದ್ದರೆ, ಆ ಕಾಗದ ನನ್ನ ಚೀಲದಲ್ಲಿದ್ದಿದ್ದರೆ, ಬಹುಶಃ ನಾನು ಇಷ್ಟು ಕೆಟ್ಟವಳಾಗುತ್ತಿರಲಿಲ್ಲ.

ನಾನು ಕೆಟ್ಟದ್ದು ಮುಂಬೈಗೆ ಬರುವ ಆ ಏಳೆಂಟು ತಾಸಿನಲ್ಲಿ. ನನಗೆ ಈ ಸಲ ಮೂವರ ನಡುವಿನ ಜಾಗ ಸಿಕ್ಕಿತ್ತು. ಈಚೆ ಆ ಗುಜರಾತಿ ಮುದುಕಿ, ಆಚೆ ಕೋಟು ಹಾಕಿದ ಒಬ್ಬ ಗೃಹಸ್ಥ. ಸೊಂಟಕ್ಕೆ ಪಟ್ಟಿ ಬಿಗಿದು, ಎರಡೂ ಮೊಣಕೈ ಮೈಗೆ ಒತ್ತಿಕೊಂಡು ಕೂತೆ. ಏಳುವ ಹಾಗಿಲ್ಲ, ತಿರುಗುವ ಹಾಗಿಲ್ಲ. ಮನೆಯಲ್ಲಾದರೆ ಮನಸ್ಸಿಗೆ ಕಸಿವಿಸಿಯಾದಾಗ ಪಾತ್ರೆ ತಿಕ್ಕಲು ಹೋಗುತ್ತಿದ್ದೆ. ಅಲ್ಲಿ ಕೈಗೆ ಕೆಲಸವಿಲ್ಲ. ಕೆಳಗೆ ಬರೀ ನೀರು. ಮೊದಲು ನಿನಗೆ ಹೇಗೆ ಹೇಳಲಿ ಎಂದು ಯೋಚಿಸಿದೆ. ನೀನು ಅಳುತ್ತಿ, ಸಮಾಧಾನ ಮಾಡುತ್ತೇನೆ, ಅಣ್ಣನನ್ನು ಕರೆಸುತ್ತೇನೆ, ಅರ್ಜಿ ತುಂಬಿಸುತ್ತೇನೆ ಎಂದುಕೊಂಡೆ. ಅಲ್ಲಿಯವರೆಗೆ ಸರಿಯಾಗಿಯೇ ಇತ್ತು. ಆಮೇಲೆ, ನೀನು ಹೋದ ಮೇಲಿನ ಮನೆ ಕಣ್ಣ ಮುಂದೆ ಬಂತು.

ಅತ್ತೆಯವರನ್ನು ಮಗ್ಗುಲು ಹೊರಳಿಸುವವರು ಯಾರು? ಅವರ ಹಾಸಿಗೆ ಒಗೆಯುವವರು ಯಾರು? ಅವರು ಹಲ್ಲು ಕಚ್ಚಿ ಬೈಯುವಾಗ ನಗುತ್ತಾ ಗಂಜಿ ಕುಡಿಸುವವರು ಯಾರು? ಅತ್ತೆ ರೇವಮ್ಮನವರ ದೊಡ್ಡ ಸೊಸೆ ಎಂದು ಓಣಿಯಲ್ಲಿ ಮರ್ಯಾದೆ ನನಗೆ, ದುಡಿತ ನಿನಗೆ. ಹಾಗೆಂದು ಆ ಜಾಗದಲ್ಲಿ ಕೂತಾಗಲೇ ನನಗೆ ಮೊದಲ ಸಲ ಹೊಳೆಯಿತು. ಹೊಳೆದದ್ದಕ್ಕೆ ನಾಚಿಕೆಯಾಗಬೇಕಿತ್ತು, ಭಯವಾಯಿತು. ನನಗೆ ನಲವತ್ತಮೂರು ವರ್ಷ, ಸೊಂಟನೋವು, ಇನ್ನು ಆ ಕೋಣೆಗೆ ನಾನು ಹೋಗಬೇಕಲ್ಲ ಎಂದು ಭಯ. ನಮ್ಮವರು ಪತ್ರ ಬಚ್ಚಿಟ್ಟದ್ದು ಬಯಲಾದರೆ ನಿನ್ನ ತವರಿನವರ ಮುಂದೆ ಮುಖವಿಲ್ಲವಲ್ಲ ಎಂಬ ಭಯ ಬೇರೆ. ಸೀರೆಯುಟ್ಟ ಹುಡುಗಿ ತಟ್ಟೆ ತಂದಿಟ್ಟಳು. ನಾನು ತಿನ್ನಲಿಲ್ಲ. ಆರಾಮಿಲ್ಲವೇನು ಎಂದು ಮುದುಕಿ ಹಿಂದಿಯಲ್ಲಿ ಕೇಳಿದಳು. ತಲೆನೋವು ಎಂದೆ. ಆ ದಿನದ ಮೊದಲ ಸುಳ್ಳು ಅದು, ಸಲೀಸಾಗಿ ಬಂತು. ಮುಂದಿನದನ್ನು ವಿಮಾನ ಇಳಿಯುವಷ್ಟರಲ್ಲಿ ಅಕ್ಷರ ಅಕ್ಷರ ಜೋಡಿಸಿ ಇಟ್ಟುಕೊಂಡಿದ್ದೆ.

ಸೋಲಾಪುರ ಸ್ಟೇಶನ್ನಿನಿಂದ ಟಾಂಗಾ ಬಂದು ನಿಂತಾಗ ನೀನು ನೀರಿನ ತಂಬಿಗೆ ಹಿಡಿದು ಹೊಸ್ತಿಲಲ್ಲಿ ನಿಂತಿದ್ದಿ. ಅತ್ತೆಯವರು ಒಳಗಿನಿಂದ ಕೂಗುತ್ತಿದ್ದರು. ಕಾಲಿಗೆ ನೀರು ಹಾಕಿ ಮೆಲ್ಲಗೆ ಕೇಳಿದಿ, ‘ಭೆಟ್ಟಿ ಆದರೇನ್ರಿ ಅಕ್ಕಾ?’

‘ಆದ. ಚಂದ ಅದಾನ. ದೀಪಾವಳಿಗಿ ಬರ್ತೀನಂದಾನ’ ಎಂದೆ.

ನಿನ್ನ ಮುಖ ಅರಳಿದ್ದನ್ನು ನೋಡಿ ಆ ಕ್ಷಣ ನಾನು ಪುಣ್ಯದ ಕೆಲಸ ಮಾಡಿದೆನೆಂದೇ ಅಂದುಕೊಂಡೆ. ನಾಲ್ಕು ದಿನಕ್ಕೆ ನಿನ್ನ ಅಣ್ಣ ಬಂದ. ದೀಪಾವಳಿಗೆ ಅವರು ಬರುವಾಗ ನಾನು ಮನೆಯಲ್ಲಿರದಿದ್ದರೆ ಹೇಗೆ ಎಂದು ಹೇಳಿ ನೀನು ಅರ್ಜಿಯನ್ನು ಖಾಲಿಯಾಗಿಯೇ ಅವನ ಕೈಗೆ ವಾಪಸು ಕೊಟ್ಟಿ. ನಾನು ಪಕ್ಕದಲ್ಲೇ ಕೂತು ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದೆ. ಒಂದು ಮಾತು ಸಾಕಿತ್ತು. ಸೊಪ್ಪು ಬಿಡಿಸಿದೆ.

ಆ ದೀಪಾವಳಿಗೆ ನೀನು ಅವನ ಅಭ್ಯಂಗಕ್ಕೆಂದು ಎಣ್ಣೆ, ಉಟಣೆ ಪುಡಿ ತೆಗೆದಿಟ್ಟಿ. ರಜೆ ಸಿಗಲಿಲ್ಲವಂತೆ ಎಂದೆ. ಸಂಕ್ರಾಂತಿಗೆ ಅಂದೆ. ಯುಗಾದಿ ಹೊತ್ತಿಗೆ ನೀನು ಕೇಳುವುದನ್ನು ಬಿಟ್ಟಿ. ಅತ್ತೆಯವರು ಐವತ್ತೆಂಟರ ಆಷಾಢದಲ್ಲಿ ನಿನ್ನ ತೊಡೆಯ ಮೇಲೆ ಜೀವ ಬಿಟ್ಟರು. ಅವರ ಬೆನ್ನಿನಲ್ಲಿ ಒಂದು ಹುಣ್ಣೂ ಆಗದಂತೆ ನೋಡಿಕೊಂಡಿದ್ದಿ ಎಂದು ಡಾಕ್ಟರು ಎಲ್ಲರೆದುರು ಹೊಗಳಿದರು. ನನಗೆ ಅಲ್ಲಿ ನಿಲ್ಲಲಾಗಲಿಲ್ಲ. ಇನ್ನಾದರೂ ಹೇಳಬಹುದಿತ್ತು, ಆ ಕಾರಣ ಮುಗಿದಿತ್ತು. ಆದರೆ ಅಷ್ಟು ಹೊತ್ತಿಗೆ ಹೊಸ ಕಾರಣ ಬಂದಿತ್ತು: ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದು ನೀನು ಕೇಳಿದರೆ?

ಹೋದ ತಿಂಗಳು ಅಕ್ಕಲಕೋಟೆಗೆ ಬಂದದ್ದು ನಿನಗೆ ಇದನ್ನೆಲ್ಲ ಹೇಳಲಿಕ್ಕೆ. ನೀನು ಹೊಲಿಗೆ ಯಂತ್ರದ ಮುಂದಿನಿಂದ ಎದ್ದು ಓಡಿ ಬಂದು ನನ್ನ ಚೀಲ ಇಸಿದುಕೊಂಡಿ. ನಿನ್ನ ಹತ್ತಿರ ಅಕ್ಷರ ಕಲಿಯಲು ಬಂದ ಓಣಿಯ ನಾಲ್ಕು ಹುಡುಗಿಯರಿಗೆ, ಇವರು ವಿಮಾನದಲ್ಲಿ ಕೂತವರು, ನಮಸ್ಕಾರ ಮಾಡ್ರಿ ಎಂದಿ. ಮಾವಿನ ಸೀಕರಣಿ ಮಾಡಿ, ಬ್ಯಾಡ ಅಂದರೂ ಎರಡು ಸಲ ಬಡಿಸಿದಿ. ಆ ಮನೆಯಲ್ಲಿ ನನ್ನವರು ಅಂತ ಇದ್ದವರು ನೀವೊಬ್ಬರೇ ಅಕ್ಕಾ ಎಂದಿ. ಆ ಮಾತಿನ ಮೇಲೆ ನನ್ನ ಬಾಯಿ ಕಟ್ಟಿತು. ಉಂಡು, ಎಲೆಅಡಿಕೆ ಹಾಕಿಕೊಂಡು ಎದ್ದುಬಿಟ್ಟೆ.

ನಿನ್ನ ಅಣ್ಣ ಎಸ್.ಟಿ. ಸ್ಟ್ಯಾಂಡಿನವರೆಗೆ ಕಳಿಸಲು ಬಂದಿದ್ದ. ಅವನು ಹೇಳಿದ: ಗಂಡ ಬಿಟ್ಟ ಹೆಂಗಸರಿಗೆ ಟ್ರೇನಿಂಗಿನಲ್ಲಿ ವಯಸ್ಸಿನ ಸಡಿಲಿಕೆ ಕೇಳಬಹುದಂತೆ, ಅರ್ಜಿ ಹಾಕಿದ್ದೇವೆ, ಆದರೆ ಗಂಡ ಬಿಟ್ಟದ್ದು ನಿಜವೆಂದು ಅವನ ಮನೆಯವರೊಬ್ಬರು ತಾಲೂಕಿನ ಮಾಮಲೇದಾರ ಕಚೇರಿಯಲ್ಲಿ ಬರೆದು ಕೊಡಬೇಕಂತೆ. ನಮ್ಮವರ ಹತ್ತಿರ ಬಂದು ಕೇಳಿದ್ದನಂತೆ. ಮನೆತನದ ಮಾತು ಕಚೇರಿಗೆ ತರುವುದಿಲ್ಲ, ತಮ್ಮ ಎಂದಾದರೂ ಬರುತ್ತಾನೆ ಎಂದು ಅವರು ಕಳಿಸಿಬಿಟ್ಟರಂತೆ. ಅವನು ನನ್ನನ್ನು ಏನೂ ಕೇಳಲಿಲ್ಲ. ಹೆಂಗಸು ಏನು ಮಾಡಿಯಾಳು ಎಂದುಕೊಂಡಿರಬೇಕು. ನಾನೂ ಹಾಗೇ ಬಸ್ಸು ಹತ್ತಿದೆ.

ನಿನ್ನೆ ಮಧ್ಯಾಹ್ನ ಊಟವಾದ ಮೇಲೆ ನಮ್ಮವರ ಮುಂದೆ ಕೂತು ಎಲ್ಲ ಹೇಳಿದೆ. ಏಡನ್ನಿನಲ್ಲಿ ಕೇಳಿದ್ದು, ಅವರ ಕಿಸೆಗೆ ಹೋದ ಕಾಗದ, ನಿನ್ನ ಮುಂದೆ ನಾನು ಆಡಿದ ಸುಳ್ಳು. ಮದುವೆಯಾಗಿ ಇಪ್ಪತ್ತೇಳು ವರ್ಷದಲ್ಲಿ ಅವರ ಎದುರು ಅಷ್ಟು ಹೊತ್ತು ನಾನೊಬ್ಬಳೇ ಮಾತಾಡಿದ್ದು ಅದೇ ಮೊದಲು. ಅವರು, ‘ಆಗಿದ್ದು ಆಗೇತಿ. ಈಗ ಏನ ಮಾಡಬೇಕಂತಿ?’ ಎಂದರು. ಅಕ್ಕಲಕೋಟೆಗೆ ಹೋಗಿ ಬರೆದು ಕೊಡುತ್ತೇನೆ ಎಂದೆ. ಹೋಗು ಅನ್ನಲಿಲ್ಲ, ಬೇಡವೂ ಅನ್ನಲಿಲ್ಲ. ರುಮಾಲು ಸುತ್ತಿಕೊಂಡು ಪೇಢಿಗೆ ಹೋದರು.

ಬರುವ ಸೋಮವಾರ ಮೊದಲ ಬಸ್ಸಿಗೆ ಅಕ್ಕಲಕೋಟೆಗೆ ಬರುತ್ತೇನೆ. ಸ್ಟ್ಯಾಂಡಿನಿಂದ ನೇರವಾಗಿ ಕಚೇರಿಗೆ ಹೋಗುತ್ತೇನೆ, ನಿನ್ನ ಮನೆಗೆ ಬರುವುದಿಲ್ಲ. ನಾಗಣ್ಣ ಆಡಿದ ಮಾತನ್ನು ನನ್ನ ಕಿವಿಯಿಂದ ಕೇಳಿದ್ದೇನೆ ಎಂದು ಬರೆಸಿ, ಕೆಳಗೆ ನನ್ನ ಸಹಿ ಮಾಡುತ್ತೇನೆ. ಎರಡು ವರ್ಷ ಯಾಕೆ ಹೇಳಲಿಲ್ಲ ಎಂದು ಕಚೇರಿಯವರು ಕೇಳಿದರೆ ಅದನ್ನೂ ಹೇಳುತ್ತೇನೆ. ನಿನ್ನ ಅಣ್ಣನನ್ನು ಹತ್ತು ಗಂಟೆಗೆ ಬರಲು ಹೇಳು. ಅವನು ನನ್ನ ಜೊತೆ ಮಾತಾಡಬೇಕೆಂದಿಲ್ಲ. ನೀನು ಬರಬೇಕೆಂದೂ ಇಲ್ಲ. ಬಂದರೆ, ದೂರ ನಿಂತುಕೋ. ನಿನ್ನನ್ನು ಹತ್ತಿರ ನೋಡಿದರೆ ಮತ್ತೆ ನನ್ನ ಬಾಯಿ ಕಟ್ಟೀತು.

ಕ್ಷಮಿಸು ಎಂದು ಕೇಳುವುದಿಲ್ಲ. ನನ್ನನ್ನು ಸಮಾಧಾನ ಮಾಡುವ ಕೆಲಸವೂ ನಿನ್ನ ಪಾಲಿಗೇ ಬರುವುದು ಬೇಡ. ನಮ್ಮ ಮನೆಯಲ್ಲಿ ಅದನ್ನು ನೀನು ಬೇಕಾದಷ್ಟು ಮಾಡಿದಿ.

ನಿನಗೊಂದು ಸಾಲಿ ಸಿಗಲಿ. ನೀನು ಒಳಗೆ ಬಂದಾಗ ನಲವತ್ತು ಮಕ್ಕಳು ಎದ್ದು ನಿಲ್ಲಲಿ. ಹಾಜರಿ ಪುಸ್ತಕದ ಮೇಲೆ ಯಾರ ಸೊಸೆ, ಯಾರ ಹೆಂಡತಿ ಎಂಬುದಿಲ್ಲದೆ ಬರೀ ನಿನ್ನ ಹೆಸರೊಂದೇ ಇರಲಿ. ಇಷ್ಟು ಆಶೀರ್ವಾದ ಮಾಡುವ ಹಕ್ಕು ನನಗೆ ಇಲ್ಲದಿದ್ದರೂ ಮಾಡುತ್ತೇನೆ.

ಸೋಮವಾರ ಕಚೇರಿಯ ಬಾಗಿಲಲ್ಲಿ ನಿಂತಿರುವ,
ರತ್ನಾಬಾಯಿ